ಕೃಷ್ಣೆಯ ದಡದಲ್ಲಿ ಒಂದು ತಗಡಿನ ಪೆಟ್ಟಿಗೆ

ನಿಪ್ಪಾಣಿಯಿಂದ ಅಥಣಿಯವರೆಗಿನ ಸೀಮೆಯನ್ನು ಹೊರಗಿನವರು ಕಬ್ಬಿನ ನಾಡೆಂದೂ ತಂಬಾಕಿನ ನಾಡೆಂದೂ ಬಲ್ಲರು. ಅಲ್ಲಿಯೇ ಹುಟ್ಟಿ ಬೆಳೆದ ನಮಗಾದರೋ ಅದು ನದಿಗಳ ನಾಡು. ಪಶ್ಚಿಮದ ಘಟ್ಟಗಳಿಂದ ಇಳಿದು ಬರುವ ವೇದಗಂಗೆಯು ದೂಧಗಂಗೆಯನ್ನು ಕೂಡುತ್ತದೆ. ದೂಧಗಂಗೆಯು ಯಡೂರಿನ ಸಮೀಪ ಕೃಷ್ಣೆಯನ್ನು ಕೂಡುತ್ತದೆ. ಮುಂದೆ ಕೃಷ್ಣೆಯು ಒಂದು ಮಗ್ಗುಲಿಗೆ ರಾಯಬಾಗವನ್ನೂ ಮತ್ತೊಂದು ಮಗ್ಗುಲಿಗೆ ಕಾಗವಾಡ, ಅಥಣಿಗಳನ್ನೂ ಇರಿಸಿಕೊಂಡು ಹಿಪ್ಪರಗಿಯ ಬ್ಯಾರೇಜಿನತ್ತ ಸಾಗುತ್ತದೆ. ಇಷ್ಟು ನೀರಿರುವ ಸೀಮೆಯಲ್ಲಿ ಕುಡಿಯುವ ನೀರಿಗೆ ಕೊರತೆಯೇ ಎಂದು ಯಾರಾದರೂ ಕೇಳಿದರೆ ಅದು ಸಹಜವಾದ ಪ್ರಶ್ನೆ. ಅದಕ್ಕೆ ಉತ್ತರವು ನನಗೆ ದೊರೆತದ್ದು ಯಾವ ಗ್ರಂಥದಲ್ಲಿಯೂ ಅಲ್ಲ, ನನ್ನ ಸೋದರಮಾವನವರ ಒಂದು ತಗಡಿನ ಪೆಟ್ಟಿಗೆಯಲ್ಲಿ.

ಸೋದರಮಾವನವರು ಉಗಾರದಾಚೆಯ ಒಂದು ಹಳ್ಳಿಯವರು. ಒಕ್ಕಲುತನದ ಜೊತೆಗೆ ಪಂಪು, ಮೋಟಾರು, ನಳಗಳ ದುರಸ್ತಿಯನ್ನು ನಲವತ್ತು ವರ್ಷ ಮಾಡಿದವರು. ಅವರು ಲಿಂಗೈಕ್ಯರಾಗಿ ವರ್ಷ ತುಂಬಿದ ಸಂದರ್ಭದಲ್ಲಿ ಅವರ ಮನೆಗೆ ಹೋಗಬೇಕಾಯಿತು. ನೇರವಾಗಿ ಹೋಗದೆ, ಅವರು ಸೈಕಲ್ಲಿನ ಮೇಲೆ ತಿರುಗಿದ ಊರುಗಳನ್ನು ನೋಡುತ್ತ ಹೋಗೋಣವೆಂದು ನಿಪ್ಪಾಣಿಯಿಂದ ಹೊರಟೆನು. ಆ ನಾಲ್ಕು ದಿನಗಳ ಪ್ರವಾಸದ ಕಥನವಿದು.

ನಿಪ್ಪಾಣಿ ಮತ್ತು ಚಿಕ್ಕೋಡಿ

ನಿಪ್ಪಾಣಿಯ ಪೇಟೆಯಲ್ಲಿ ತಂಬಾಕಿನ ವಾಸನೆಯಷ್ಟೇ ಸಹಜವಾಗಿ ಕಾಣಸಿಗುವುದು ಪಂಪಿನ ಬಿಡಿಭಾಗಗಳ ಅಂಗಡಿ. ಒಳಗೆ ಕಾಲಿಟ್ಟರೆ ಗ್ರೀಸಿನ ವಾಸನೆ. ಗೋಡೆಯ ಮೇಲೆ ಫುಟ್‌ವಾಲ್, ಬೇರಿಂಗ್, ರಬ್ಬರಿನ ವಾಯ್ಸರ್, ಎಣ್ಣೆಯಲ್ಲಿ ನೆನೆಸಿದ ಗ್ಲ್ಯಾಂಡಿನ ದಾರ. ಒಬ್ಬ ರೈತರು ಅಂಗೈಯಗಲದ ರಬ್ಬರಿನ ತುಂಡೊಂದನ್ನು ಕೈಯಲ್ಲಿ ಹಿಡಿದು, ಇದೇ ಅಳತೆಯದು ಬೇಕೆಂದು ನಿಂತಿದ್ದರು. ಅದು ಫುಟ್‌ವಾಲ್‌ನ ಒಳಗಿನ ಮುಚ್ಚಳ. ಅದು ಸವೆದು ಹೋದುದರಿಂದ ಎರಡು ದಿನಗಳಿಂದ ತಮ್ಮ ಮನೆಗೂ ದನಗಳಿಗೂ ನೀರಿಲ್ಲವೆಂದು ಅವರು ಹೇಳಿದರು. ಹೊಲದ ಬಾವಿಯಲ್ಲಿ ನೀರು ತುಂಬಿತ್ತು. ಮೋಟಾರು ಗಟ್ಟಿಯಾಗಿತ್ತು. ವಿದ್ಯುತ್ತೂ ಇತ್ತು.

ಓದುಗರಲ್ಲಿ ಇದರ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಪಂಪು ನೀರನ್ನು ಎಳೆಯುತ್ತದೆ ಎಂದು ನಾವು ಹೇಳುತ್ತೇವೆ. ನಿಜವಾಗಿ ಪಂಪು ಪೈಪಿನೊಳಗೆ ಒತ್ತಡವನ್ನು ಕಡಿಮೆ ಮಾಡುತ್ತದೆ. ಹೊರಗಿನ ಗಾಳಿಯ ಒತ್ತಡವು ನೀರನ್ನು ಮೇಲಕ್ಕೆ ತಳ್ಳುತ್ತದೆ. ಆ ಗಾಳಿಯ ಬಲಕ್ಕೂ ಒಂದು ಮಿತಿಯಿದೆ. ಲೆಕ್ಕದ ಪ್ರಕಾರ 10 ಮೀಟರಿಗಿಂತ ತುಸು ಹೆಚ್ಚು. ನಿತ್ಯದ ಬಳಕೆಯಲ್ಲಿ 6-7 ಮೀಟರಿಗಿಂತ ಹೆಚ್ಚು ಎತ್ತರಕ್ಕೆ ಅದನ್ನು ನಂಬುವಂತಿಲ್ಲ. ಪಂಪು ಚಾಲೂ ಆಗಬೇಕಾದರೆ ಪೈಪು ಮೊದಲೇ ನೀರಿನಿಂದ ತುಂಬಿರಬೇಕು. ಆ ನೀರು ಮರಳಿ ಬಾವಿಗೆ ಇಳಿಯದಂತೆ ಕಾಯುವುದೇ ಪೈಪಿನ ಬುಡದಲ್ಲಿರುವ ಫುಟ್‌ವಾಲ್. ಅದರಲ್ಲಿ ಒಂದು ಕಡ್ಡಿ ಸಿಕ್ಕಿಕೊಂಡರೂ ಸಾಕು, ಕೊಡಗಟ್ಟಲೆ ನೀರು ಸುರಿದರೂ ಪೈಪು ತುಂಬದು. ಗ್ಲ್ಯಾಂಡಿನ ಮಾತೂ ಹಾಗೆಯೇ. ತಿರುಗುವ ದಂಡದ ಸುತ್ತ ಸುತ್ತಿದ ದಾರವು ಹನಿಹನಿಯಾಗಿ ನೀರು ಬಿಡುತ್ತಿರಬೇಕು. ನೀರು ಸೋರುತ್ತದೆಂದು ಅದನ್ನು ಬಿಗಿದುಬಿಟ್ಟರೆ ದಂಡವು ಕಾದು ಸವೆಯುತ್ತದೆ. ಈ ತಪ್ಪನ್ನು ನಾನೇ ಬಾಲ್ಯದಲ್ಲಿ ಒಮ್ಮೆ ಮಾಡಿ, ಸೋದರಮಾವನವರಿಂದ ಬೈಸಿಕೊಂಡಿದ್ದೆನು.

ಚಿಕ್ಕೋಡಿಯ ದಾರಿಯಲ್ಲಿ ವೇದಗಂಗೆ, ದೂಧಗಂಗೆಗಳ ಮೇಲಿನ ತಗ್ಗು ಸೇತುವೆಗಳ ಹೆಸರುಗಳು ನೆನಪಾದವು: ಜತ್ರಾಟ-ಭಿವಶಿ, ಸಿದ್ನಾಳ-ಅಕ್ಕೋಳ, ಕಾರದಗಾ-ಭೋಜ, ಮಲಿಕವಾಡ-ದತ್ತವಾಡ. ಮಳೆಗಾಲದಲ್ಲಿ ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಜೋರಾದರೆ ಈ ಹೆಸರುಗಳೆಲ್ಲ ವೃತ್ತಪತ್ರಿಕೆಗಳಲ್ಲಿ ಒಟ್ಟೊಟ್ಟಿಗೆ ಕಾಣಿಸಿಕೊಳ್ಳುತ್ತವೆ. ಆಗ ದಡದ ಹಳ್ಳಿಗಳಿಗೂ ಪೇಟೆಗೂ ಸಂಪರ್ಕ ಕಡಿಯುತ್ತದೆ. ನಿಪ್ಪಾಣಿಯಲ್ಲಿ ಸಿಗುವ ವಾಯ್ಸರು ಆ ದಿನಗಳಲ್ಲಿ ನದಿಯಾಚೆಯವನ ಪಾಲಿಗೆ ಇಲ್ಲದಂತೆಯೇ.

ಯಡೂರಿನ ದಡದಲ್ಲಿ

ಯಡೂರಿನ ವೀರಭದ್ರೇಶ್ವರನ ದರ್ಶನ ಮಾಡಿಕೊಂಡು ಕೃಷ್ಣೆಯ ದಡಕ್ಕೆ ಇಳಿದೆನು. ಬೇಸಿಗೆಯ ಹೊಳೆ ಶಾಂತವಾಗಿತ್ತು. ಇಳಿಜಾರಿನಲ್ಲಿ ಸಾಲಾಗಿ ಪಂಪುಗಳು. ಕೆಲವು ಕಟ್ಟೆಯ ಮೇಲೆ, ಕೆಲವು ಗಾಲಿಯುಳ್ಳ ಗಾಡಿಯ ಮೇಲೆ. ಹೊಳೆ ಇಳಿದಂತೆ ಪಂಪೂ ಇಳಿಯಬೇಕು, ಹೊಳೆ ಏರಿದಂತೆ ಪಂಪೂ ಏರಬೇಕು. ಏಕೆಂದರೆ ಆ 6-7 ಮೀಟರಿನ ಮಿತಿಯು ಯಾರ ಮಾತನ್ನೂ ಕೇಳದು. ದಡದ ರೈತರು ವರ್ಷಕ್ಕೆ ಹಲವು ಸಲ ಪೈಪು ಬಿಚ್ಚಿ, ಜೋಡಿಸಿ, ಮೋಟಾರನ್ನು ಹೊತ್ತು ತಿರುಗುತ್ತಾರೆ. ಆದ್ದರಿಂದ ಅವರ ಬಳಿ ಪಾನಾಗಳ ಗಂಟು ಯಾವಾಗಲೂ ಇರುತ್ತದೆ.

2019ನೆಯ ವರ್ಷವನ್ನು ಇಲ್ಲಿ ಯಾರೂ ಮರೆತಿಲ್ಲ. ಆ ವರ್ಷದ ಬೇಸಿಗೆಯಲ್ಲಿ ಕೃಷ್ಣೆಯ ಪಾತ್ರ ಬತ್ತಿ ಬಂಡೆಗಳು ಕಾಣತೊಡಗಿದ್ದವು. ಕುಡಿಯುವ ನೀರಿಗಾಗಿ ಮಹಾರಾಷ್ಟ್ರದ ಜಲಾಶಯಗಳಿಂದ ನೀರು ಬಿಡಬೇಕೆಂದು ಕರ್ನಾಟಕವು ಕೇಳಿಕೊಳ್ಳಬೇಕಾಯಿತು. ಅದೇ ಆಗಸ್ಟ್ ತಿಂಗಳಲ್ಲಿ ಮಹಾಪೂರ ಬಂದು ಈ ತಾಲೂಕುಗಳ ದಡದ ಹಳ್ಳಿಗಳು ಮುಳುಗಿದವು. 2005ರಲ್ಲಿಯೂ ಬಂದಿತ್ತು, 2021ರ ಜುಲೈನಲ್ಲಿ ಮತ್ತೊಮ್ಮೆ ಬಂದಿತು. ಬರ ಮತ್ತು ಮಹಾಪೂರ ಎರಡರಲ್ಲಿಯೂ ಜನರು ಬೇಡಿದ್ದು ಒಂದನ್ನೇ: ಕುಡಿಯುವ ನೀರು.

ಚಿಂಚಲಿ, ಕುಡಚಿ ಮತ್ತು ರೈಲಿನ ಸೇತುವೆ

ರಾಯಬಾಗ ತಾಲೂಕಿನ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಹಿಂದೆ ಬಂಡಿಗಳೇ ಬಂಡಿಗಳು. ನನ್ನ ತಾಯಿಯವರು ಹೇಳುತ್ತಿದ್ದುದು ನೆನಪಿದೆ: ಬಂಡಿ ಹೂಡುವ ಮುಂಚೆ ಹಿರಿಯರು ಎರಡು ವಸ್ತುಗಳನ್ನು ನೋಡುತ್ತಿದ್ದರಂತೆ. ಒಂದು, ಬಂಡಿಯ ಕೆಳಗೆ ತೂಗುಬಿಟ್ಟ ನೀರಿನ ಗಡಿಗೆ. ಇನ್ನೊಂದು, ಕೀಲೆಣ್ಣೆಯ ಜೊತೆಗೆ ಕಟ್ಟಿಟ್ಟ ಹೆಚ್ಚಿನ ಕಡಾಣಿ, ಮಿಣಿ, ಹಗ್ಗ. ದಾರಿಯಲ್ಲಿ ಬಡಿಗನು ಸಿಗುವನೆಂಬ ಭರವಸೆಯಿಂದ ಯಾರೂ ಹೊರಡುತ್ತಿರಲಿಲ್ಲ.

ಚಿಂಚಲಿಯಿಂದ ರೈಲು ಹತ್ತಿದೆನು. ಕುಡಚಿ ದಾಟಿದ ಮೇಲೆ ಗಾಡಿಯು ಕೃಷ್ಣೆಯ ಸೇತುವೆಯ ಮೇಲೆ ಸಾಗಿ ಉಗಾರವನ್ನು ಮುಟ್ಟುತ್ತದೆ. ಮುಂದೆ ಶೇಡಬಾಳ, ಮಿರಜ. ಮಿರಜದಿಂದ ಪುಣೆಯತ್ತ ಹೋಗುವ ದಾರಿಯಲ್ಲಿಯೇ ಕಿರ್ಲೋಸ್ಕರವಾಡಿ ಇದೆ. ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಉದ್ಯೋಗವನ್ನು ಆರಂಭಿಸಿ, 1910ರಲ್ಲಿ ಔಂಧ ಸಂಸ್ಥಾನದ ಆ ಬಯಲಿಗೆ ಕಾರ್ಖಾನೆಯನ್ನು ಒಯ್ದರು. ಕಬ್ಬಿಣದ ನೇಗಿಲು, ಮೇವು ಕತ್ತರಿಸುವ ಯಂತ್ರ, ಅನಂತರ ಪಂಪು ಅಲ್ಲಿ ತಯಾರಾದವು. ದೇಶದ ಪಂಪಿನ ಉದ್ಯಮದ ಒಂದು ಮುಖ್ಯ ಬೇರು ನಮ್ಮ ನೆಲದಲ್ಲಿಯೇ ಇದೆಯೆಂಬುದು ಅಭಿಮಾನದ ವಿಷಯ.

ಆ ಪಂಪುಗಳಿಗಿಂತ ಮುಂಚೆ ಕಪಿಲೆಯ ಕಾಲವಿತ್ತು. ಎತ್ತುಗಳು ಇಳಿಜಾರಿನಲ್ಲಿ ಇಳಿದಂತೆ ತೊಗಲಿನ ಚೀಲವು ಬಾವಿಯಿಂದ ಮೇಲೇರುತ್ತಿತ್ತು. ತೊಗಲು ಹರಿದರೆ ಊರಿನ ಸಮಗಾರನು ಅಂದೇ ಹೊಲಿದುಕೊಡುತ್ತಿದ್ದನು. ಮರದ ಗಾಲಿ ಮುರಿದರೆ ಬಡಿಗನು ಬರುತ್ತಿದ್ದನು. ಅವರಿಗೆ ಸುಗ್ಗಿಯಲ್ಲಿ ಕಾಳಿನ ಆಯ ಸಲ್ಲುತ್ತಿತ್ತು. ಆ ವ್ಯವಸ್ಥೆಯಲ್ಲಿ ಅನ್ಯಾಯವೂ ಇತ್ತು: ನೀರೆತ್ತುವ ಚೀಲವನ್ನು ಹೊಲಿದುಕೊಟ್ಟವನಿಗೆ ಆ ಬಾವಿಯ ನೀರನ್ನು ಮುಟ್ಟಲು ಅವಕಾಶವಿರಲಿಲ್ಲ. ಸಮಗಾರ ಹರಳಯ್ಯನವರನ್ನೂ ಅಂಬಿಗರ ಚೌಡಯ್ಯನವರನ್ನೂ ಶರಣರ ಸಾಲಿನಲ್ಲಿ ಕೂಡಿಸಿದ ಪರಂಪರೆಯವರಾದ ನಾವು ಇದನ್ನು ಮರೆಯಬಾರದು. ಆದರೆ ಒಂದು ಮಾತು ನಿಜ. ಅಂದು ನೀರಿನ ಸಾಧನವೂ ಅದನ್ನು ಸರಿಪಡಿಸುವ ಕೈಯೂ ಒಂದೇ ಊರಿನಲ್ಲಿದ್ದವು. ಇಂದು ಸಾಧನವು ಹಳ್ಳಿಯಲ್ಲಿದೆ, ಕೈಯು ಪೇಟೆಯಲ್ಲಿದೆ. ಸೋದರಮಾವನವರು ನಲವತ್ತು ವರ್ಷ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಿರುಗಿದ ತಗಡಿನ ಪೆಟ್ಟಿಗೆಯು ಈ ಅಂತರವನ್ನು ತುಂಬುತ್ತಿತ್ತು.

ಪೆಟ್ಟಿಗೆಯ ಕಥೆ

ಆ ಪೆಟ್ಟಿಗೆಯ ಬಗ್ಗೆ ನನ್ನದೊಂದು ತಪ್ಪೊಪ್ಪಿಗೆಯಿದೆ. 2018ರಲ್ಲಿ ಅವರ ಮನೆಯನ್ನು ಹೊಸದಾಗಿ ಕಟ್ಟಿಸಿದಾಗ ನಾನು ಹೋಗಿದ್ದೆನು. ಊರಿಗೆ ನಳದ ನೀರು ಬಂದಿತ್ತು, ಶಾಲೆಯ ಬಳಿಯ ಕೈಪಂಪು ಕೆಟ್ಟು ಎರಡು ವರ್ಷವಾಗಿತ್ತು, ಅದನ್ನು ಕೇಳುವವರೇ ಇರಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಎಣ್ಣೆ ಜಿಡ್ಡಿನ ಆ ಪೆಟ್ಟಿಗೆಯನ್ನು ಕಂಡು, “ಮಾಮಾ, ಇನ್ನಾದರೂ ಇದನ್ನ ಗುಜರಿಗೆ ಹಾಕ್ರಿ” ಎಂದೆನು. ಅವರು ನಕ್ಕರು. “ತಮ್ಮಾ, ನೀರು ಬಾವ್ಯಾಗ ಇದ್ದರ ಸಾಲದು, ವಾಯ್ಸರ್ ಡಬ್ಬ್ಯಾಗ ಇರಬೇಕು” ಎಂದಷ್ಟೇ ಹೇಳಿ ಪೆಟ್ಟಿಗೆಯನ್ನು ಅಟ್ಟಕ್ಕೇರಿಸಿದರು.

ಮರುವರ್ಷ ಆಗಸ್ಟ್‌ನಲ್ಲಿ ಹೊಳೆ ಬಂದಿತು. ರಾತ್ರಿಯೊಳಗೆ ನೀರು ಏರಿದ್ದರಿಂದ ದಡದ ಮೋಟಾರನ್ನು ಎತ್ತಲಾಗಲಿಲ್ಲ. ಊರಿನ ತಗ್ಗಿನ ಓಣಿಗಳವರೆಲ್ಲ ದಿಬ್ಬದ ಮೇಲಿನ ಶಾಲೆಯನ್ನು ಸೇರಿದರು. ನೀರೆತ್ತುವ ಬಾವಿ ಮುಳುಗಿತು, ವಿದ್ಯುತ್ ನಿಂತಿತು, ನಳ ಬತ್ತಿತು. ಕಣ್ಣು ಹಾಯಿಸಿದಷ್ಟು ದೂರ ಕೆಂಪು ನೀರು. ಅದರಲ್ಲಿ ಸತ್ತ ದನ, ತಿಪ್ಪೆ, ಕಬ್ಬಿನ ರವದಿ. ಶಾಲೆಯಲ್ಲಿ ಕೈಗೂಸುಗಳಿದ್ದವು, ಬಾಣಂತಿಯರಿದ್ದರು. ಹೊರಗಿನಿಂದ ದೋಣಿಯಲ್ಲಿ ಬಂದ ನೀರಿನ ಬಾಟಲಿಗಳು ಹಂಚಿದಷ್ಟರಲ್ಲಿಯೇ ಮುಗಿದವು.

ಎಂಬತ್ತರ ಸಮೀಪದಲ್ಲಿದ್ದ ಸೋದರಮಾವನವರು ಮನೆ ಬಿಡುವಾಗ ಹೊತ್ತು ತಂದದ್ದು ಆ ಪೆಟ್ಟಿಗೆಯನ್ನು. ಅದರಲ್ಲಿ ಇಂಡಿಯಾ ಮಾರ್ಕ್-2 ಕೈಪಂಪಿನ ಬಟ್ಟಲಿನಾಕಾರದ ವಾಯ್ಸರುಗಳ ಒಂದು ಜೋಡಿ ಎಣ್ಣೆ ಕಾಗದದಲ್ಲಿ ಸುತ್ತಿ ಇಟ್ಟದ್ದಿತ್ತು. ಕೆಟ್ಟುನಿಂತ ಕೈಪಂಪು ದಿಬ್ಬದ ಮೇಲಿದ್ದುದರಿಂದ ಹೊಳೆಯ ನೀರು ಅದನ್ನು ಮುಟ್ಟಿರಲಿಲ್ಲ. ಬೆಳಿಗ್ಗೆ ಆರು ಮಂದಿ ತರುಣರನ್ನು ಕರೆದರು. ಮೂರು ಮೀಟರು ಉದ್ದದ ಕಬ್ಬಿಣದ ಪೈಪುಗಳನ್ನು ಒಂದೊಂದಾಗಿ ಮೇಲೆತ್ತಿ, ಕ್ಲಾಂಪು ಹಾಕಿ ಹಿಡಿದು, ಬಿಚ್ಚಿ ಸಾಲಾಗಿ ಮಲಗಿಸಿದರು. ಹನ್ನೊಂದು ಪೈಪುಗಳಾದ ಮೇಲೆ ಹಿತ್ತಾಳೆಯ ಸಿಲಿಂಡರು ಬಂದಿತು. ಒಳಗಿನ ವಾಯ್ಸರುಗಳು ಸವೆದು ಕಾಗದದಂತಾಗಿದ್ದವು. ಹೊಸ ಜೋಡಿಯನ್ನು ತೊಡಿಸಿ ಮತ್ತೆ ಇಳಿಸುವಷ್ಟರಲ್ಲಿ ಸಂಜೆಯಾಯಿತು. ಮೊದಲು ಬಂದದ್ದು ತುಕ್ಕಿನ ನೀರು. ಕತ್ತಲಾಗುವವರೆಗೆ ಸರದಿಯ ಮೇಲೆ ಅದನ್ನು ಹೊಡೆದು ಚೆಲ್ಲಿದರು. ಕೊಳವೆಗೆ ಬ್ಲೀಚಿಂಗ್ ಪುಡಿಯ ನೀರನ್ನು ಇಳಿಬಿಟ್ಟು ರಾತ್ರಿಯೆಲ್ಲ ಬಿಟ್ಟರು. ಮರುದಿನ ಅದರ ವಾಸನೆ ಹೋಗುವವರೆಗೆ ಚೆಲ್ಲಿ, ಆಮೇಲೆ ಕಾಯಿಸಿ ಆರಿಸಿ ಕುಡಿಯಲು ಕೊಟ್ಟರು. ಹೊಳೆ ಇಳಿಯುವವರೆಗೆ ಆ ಶಾಲೆಯವರು ಬದುಕಿದ್ದು ಆ ನೀರಿನ ಮೇಲೆ. ನಾನು ಗುಜರಿಗೆ ಹಾಕೆಂದದ್ದು ಇದನ್ನೇ.

ಮುಚ್ಚಳದ ಮೇಲಿನ ಹಾಯಿದೋಣಿ

ಈಗ ಆ ಪೆಟ್ಟಿಗೆ ಅವರ ಮೊಮ್ಮಗಳ ಕೈಯಲ್ಲಿದೆ. ಐಟಿಐ ಓದಿದ ಹುಡುಗಿ. ಊರಿನ ಮೋಟಾರು, ನಳಗಳ ದುರಸ್ತಿಯನ್ನು ಅವಳೇ ನೋಡಿಕೊಳ್ಳುತ್ತಾಳೆ. ಅವಳು ಪೆಟ್ಟಿಗೆಯನ್ನು ತೆರೆದಾಗ ಮುಚ್ಚಳದ ಒಳಗೆ ವೃತ್ತಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಒಂದು ಚಿತ್ರವನ್ನು ಕಂಡೆನು: ಸಮುದ್ರದ ನಡುವೆ ಬಿಳಿಯ ಹಾಯಿಯ ದೋಣಿ. “ಇದು ತಾರಿಣಿ, ಮಾಮಾ. ಮುತ್ಯಾ ಅಂಟಿಸಿದ್ದು” ಎಂದಳು.

ನಮ್ಮ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು ವರ್ತಿಕಾ ಜೋಶಿಯವರ ನೇತೃತ್ವದಲ್ಲಿ 2017ರ ಸೆಪ್ಟೆಂಬರ್ 10ರಂದು ಗೋವೆಯಿಂದ ಈ ದೋಣಿಯಲ್ಲಿ ಹೊರಟು, ಭೂಮಂಡಲವನ್ನು ಸುತ್ತಿ, 2018ರ ಮೇ 21ರಂದು ಮರಳಿದರು. ಒಟ್ಟು 254 ದಿನ. ಸುಮಾರು 21,600 ನಾಟಿಕಲ್ ಮೈಲು. ಗೋವೆಯ ದಿವಾಡಿ ದ್ವೀಪದಲ್ಲಿ ನಿರ್ಮಾಣವಾದ ಈ ದೋಣಿಗೆ ಅಲ್ಲಿಯೇ ಹುಟ್ಟಿದ ಹಿರಿಯ ಸೋದರಿಯೊಬ್ಬಳಿದ್ದಾಳೆ; ಅವಳ ಹೆಸರು ಮ್ಹಾದೆಯಿ. ಅದು ನಮ್ಮದೇ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ ಹುಟ್ಟಿ ಗೋವೆಗೆ ಇಳಿಯುವ ಮಹಾದಾಯಿ ನದಿಯ ಹೆಸರು. ಅದೇ ಮ್ಹಾದೆಯಿಯಲ್ಲಿ ದಿಲೀಪ್ ದೋಂದೆಯವರು 2009-10ರಲ್ಲಿ ಒಬ್ಬಂಟಿಯಾಗಿ ಭೂಮಿಯನ್ನು ಸುತ್ತಿದರು. ಅಭಿಲಾಷ್ ಟಾಮಿಯವರು 2012-13ರಲ್ಲಿ ಎಲ್ಲಿಯೂ ನಿಲ್ಲದೆ ಸುತ್ತಿದರು. 2024ರ ಅಕ್ಟೋಬರಿನಿಂದ 2025ರ ಮೇ ತಿಂಗಳವರೆಗೆ ಇಬ್ಬರೇ ಮಹಿಳಾ ಅಧಿಕಾರಿಗಳು ತಾರಿಣಿಯಲ್ಲಿ ಮತ್ತೊಮ್ಮೆ ಆ ಪ್ರದಕ್ಷಿಣೆಯನ್ನು ಪೂರೈಸಿದರು.

ಇಂತಹ ದೋಣಿಯ ಸಿಹಿನೀರಿನ ವ್ಯವಸ್ಥೆಯು ನಮ್ಮ ಮನೆಯ ವ್ಯವಸ್ಥೆಯೇ. ಒಂದು ಟಾಕಿ, ಒಂದು ಸಣ್ಣ ಪಂಪು, ಕಸ ತಡೆಯುವ ಜಾಲರಿ, ರಬ್ಬರಿನ ಕೊಳವೆ, ಅದನ್ನು ಬಿಗಿಯುವ ಪಟ್ಟಿ, ನಳ. ಸಮುದ್ರದ ನೀರನ್ನು ಒತ್ತಡದಿಂದ ತೆಳು ಪೊರೆಯ ಮೂಲಕ ಹಾಯಿಸಿ ಸಿಹಿ ಮಾಡುವ ಯಂತ್ರವೂ ಉಂಟು. ಆದರೆ ಬಲ್ಲ ನಾವಿಕರು ಆ ಯಂತ್ರವೊಂದನ್ನೇ ನಂಬುವುದಿಲ್ಲ. ನೀರನ್ನು ಒಂದೇ ಟಾಕಿಯಲ್ಲಿ ಇಡುವುದಿಲ್ಲ. ಒಂದು ಕೆಟ್ಟರೆ ಇನ್ನೊಂದು ಉಳಿಯಲೆಂದು ಬೇರೆ ಬೇರೆ ಟಾಕಿಗಳಲ್ಲಿ ಇಡುತ್ತಾರೆ. ವಿದ್ಯುತ್ತಿನ ಪಂಪಿನ ಜೊತೆಗೆ ಕೈಯಿಂದಲೋ ಕಾಲಿನಿಂದಲೋ ಒತ್ತುವ ಪಂಪನ್ನೂ ಜೋಡಿಸಿರುತ್ತಾರೆ. ಪಂಪಿನೊಳಗಿನ ರಬ್ಬರಿನ ಪೊರೆ, ವಾಲ್ವು, ವಾಯ್ಸರು, ಬಿಗಿಪಟ್ಟಿಗಳನ್ನು ಪೆಟ್ಟಿಗೆಯಲ್ಲಿ ಒಯ್ಯುತ್ತಾರೆ. ಯಾವ ನಳವನ್ನೂ ತೆರೆಯದಿರುವಾಗ ಪಂಪು ತಾನಾಗಿ ಗುರುಗುಟ್ಟಿದರೆ ಎಲ್ಲೋ ಸೋರುತ್ತಿದೆಯೆಂದು ತಿಳಿದು, ಅಂದೇ ಹುಡುಕುತ್ತಾರೆ. ಸಾಗರದ ನಡುವೆ ಅಂಗಡಿಯಿಲ್ಲ. ಅಷ್ಟು ಸಿದ್ಧತೆಯಿದ್ದರೂ ತಾರಿಣಿಯ ಚುಕ್ಕಾಣಿಯ ಯಂತ್ರದಲ್ಲಿ ದೋಷ ಕಾಣಿಸಿಕೊಂಡು, 2018ರಲ್ಲಿ ಮಾರಿಷಸ್ಸಿನ ಪೋರ್ಟ್ ಲೂಯಿಸ್‌ನಲ್ಲಿ ಮೊದಲೇ ಗೊತ್ತುಪಡಿಸದ ನಿಲುಗಡೆ ಮಾಡಬೇಕಾಯಿತು.

“ನೆರಿ ಬಂದಾಗ ನಮ್ಮ ಸಾಲಿನೂ ದೋಣಿನ ಆಗಿತ್ತಲ್ಲ, ಮಾಮಾ” ಎಂದಳು ಮೊಮ್ಮಗಳು. ನಾನು ಸುಮ್ಮನೆ ತಲೆಯಾಡಿಸಿದೆನು.

ಅಥಣಿಯ ಮೂಡಣಕ್ಕೆ

ಮರುದಿನ ಇಬ್ಬರೂ ಕಾಗವಾಡದ ಮೇಲಿಂದ ಅಥಣಿಗೆ ಹೋದೆವು. ಅವಳಿಗೆ ಬಿಡಿಭಾಗಗಳನ್ನು ಕೊಳ್ಳುವುದಿತ್ತು. ಅಥಣಿಯ ಚಪ್ಪಲಿಯ ಖ್ಯಾತಿಯನ್ನು ಯಾರೂ ಹೇಳಬೇಕಾಗಿಲ್ಲ. ಕೈಪಂಪಿನ ವಾಯ್ಸರುಗಳೂ ಒಂದು ಕಾಲಕ್ಕೆ ತೊಗಲಿನವೇ ಆಗಿದ್ದವು. ಬೇಗ ಸವೆಯುತ್ತಿದ್ದುದರಿಂದ ಅವುಗಳ ಬದಲು ನೈಟ್ರೈಲ್ ರಬ್ಬರಿನವು ಬಂದವು. ಇಂಡಿಯಾ ಮಾರ್ಕ್-2 ಎಂಬ ಕೈಪಂಪು ರೂಪುಗೊಂಡದ್ದು 1970ರ ದಶಕದಲ್ಲಿ. ಅದಕ್ಕೆ ಮಾದರಿಯಾದದ್ದು ಅಥಣಿಗೆ ದೂರವಲ್ಲದ ಸೊಲ್ಲಾಪುರದ ಪಂಪು. ಅನಂತರ ಬಂದ ಮಾರ್ಕ್-3ರಲ್ಲಿ ಪೈಪುಗಳನ್ನು ಎತ್ತದೆಯೇ ವಾಯ್ಸರು ಬದಲಿಸುವ ಅನುಕೂಲ ಮಾಡಿದರು. ಹಳ್ಳಿಯವರೇ ದುರಸ್ತಿ ಮಾಡಿಕೊಳ್ಳಲೆಂಬುದು ಅದರ ಉದ್ದೇಶ.

ಅಥಣಿಯಿಂದ ಮೂಡಣಕ್ಕೆ ತೆಲಸಂಗದ ದಾರಿ ಹಿಡಿದರೆ ನದಿಯ ನೆನಪೇ ಇಲ್ಲದ ಒಣ ಸೀಮೆ. ಬೇಸಿಗೆಯಲ್ಲಿ ಟ್ಯಾಂಕರಿನ ಹಾದಿ ಕಾಯ್ದ ಊರುಗಳು ಇಲ್ಲಿವೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಯೋಜನೆಯು, ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಿಂದ, ತಲೆಗೆ ದಿನಕ್ಕೆ 55 ಲೀಟರ್ ನೀರನ್ನು ಮನೆಯ ನಳಕ್ಕೆ ತರುವ ಗುರಿಯುಳ್ಳದ್ದು. ತಲೆಯ ಮೇಲೆ ಕೊಡ ಹೊತ್ತು ಸವೆದ ತಾಯಂದಿರಿಗೆ ಇದು ದೊಡ್ಡ ಉಪಕಾರ. ಆದರೆ ದಾರಿಯಲ್ಲಿ ಒಂದು ಮನೆಯ ಅಂಗಳದಲ್ಲಿ ಹೊಸ ನಳದ ಕಾಕು ಮುರಿದು, ಅದಕ್ಕೆ ಬಟ್ಟೆ ಸುತ್ತಿ ಕಡ್ಡಿ ಬಡಿದುದನ್ನು ನೋಡಿದೆವು. ಕೇಳಿದರೆ, “ಮಾಡಾವ್ರು ಬರಬೇಕ್ರಿ” ಎಂದರು ಮನೆಯ ಅಜ್ಜಿ. ಹುಡುಗಿಯು ಪೆಟ್ಟಿಗೆಯಿಂದ ಕಾಕನ್ನೂ ಟೇಪನ್ನೂ ತೆಗೆದು ಹತ್ತು ನಿಮಿಷಗಳಲ್ಲಿ ಸರಿಪಡಿಸಿದಳು. ಹಣ ಬೇಡವೆಂದು, ಎರಡು ವಾಯ್ಸರುಗಳನ್ನು ಅಜ್ಜಿಯ ಕೈಗಿಟ್ಟು, ಹೇಗೆ ಹಾಕಬೇಕೆಂಬುದನ್ನು ಮನೆಯ ಸೊಸೆಗೆ ತೋರಿಸಿಕೊಟ್ಟಳು.

ಪ್ರಿಯ ಓದುಗರೇ, ಅವಳು ಬರೆಯಿಸಿದ ಪಟ್ಟಿಯನ್ನು ಇಲ್ಲಿ ಕೊಡುತ್ತೇನೆ. ಮನೆಯಲ್ಲಿ ಇರಬೇಕಾದವು: ನಿಮ್ಮ ನಳದ ಅಳತೆಯ ನಾಲ್ಕು ವಾಯ್ಸರು, ಒಂದು ಕಾಕು, ಒಂದು ಟೆಫ್ಲಾನ್ ಟೇಪು, ಒಂದು ಪಾನಾ, ಮುಚ್ಚಳವಿರುವ ಒಂದು ಹೆಚ್ಚಿನ ನೀರಿನ ಪಾತ್ರೆ. ಸ್ವಂತ ಪಂಪು ಇದ್ದವರಿಗೆ ಫುಟ್‌ವಾಲ್‌ನ ರಬ್ಬರು, ಗ್ಲ್ಯಾಂಡಿನ ದಾರ, ಮೋಟಾರಿಗೆ ತಕ್ಕ ಕೆಪ್ಯಾಸಿಟರು, ಫ್ಯೂಜಿನ ತಂತಿ. ಊರಿನಲ್ಲಿ ಎತ್ತರದ ಜಾಗದ ಒಂದು ಕೈಪಂಪು ಮತ್ತು ಅದರ ವಾಯ್ಸರು ಜೋಡಿ, ಪೈಪು ಎತ್ತುವ ಸಾಧನ, ಬ್ಲೀಚಿಂಗ್ ಪುಡಿ. ಜ್ಯೇಷ್ಠ ಮಾಸಕ್ಕೊಮ್ಮೆ, ಮಳೆ ಹಿಡಿಯುವ ಮುಂಚೆ, ಎಲ್ಲವನ್ನೂ ತೆಗೆದು ನೋಡಬೇಕು. ರಬ್ಬರು ಇಟ್ಟಲ್ಲಿಯೇ ಬಿರುಕು ಬಿಡುತ್ತದೆ.

ನಮ್ಮ ಹಿರಿಯರು ಬೇಸಿಗೆಯಲ್ಲಿ ಅರವಟ್ಟಿಗೆಯಿಟ್ಟು ದಾರಿಹೋಕರಿಗೆ ನೀರು ಕೊಟ್ಟರು. ಅದು ದಾಸೋಹವೇ ಸರಿ. ಕೆಟ್ಟ ನಳವನ್ನು ಕೆಟ್ಟ ದಿನವೇ ಸರಿಪಡಿಸುವುದೂ ಅದರಿಂದ ಬೇರೆಯಲ್ಲ.

ಹೊರಡುವ ದಿನ ಹುಡುಗಿಯು ನನ್ನ ಕೈಗೆ ಒಂದು ಚಿಕ್ಕ ಡಬ್ಬಿಯನ್ನು ಕೊಟ್ಟಳು. “ನಿಮ್ಮ ಮನ್ಯಾಗಿನ ನಳದ ಅಳತಿ ಮುತ್ಯಾ ಬರದಿಟ್ಟಿದ್ದ” ಎಂದಳು. ತೆರೆದು ನೋಡಿದರೆ ನಾಲ್ಕು ವಾಯ್ಸರು, ಒಂದು ಸುರುಳಿ ಟೇಪು, ಮತ್ತು ಸೋದರಮಾವನವರ ಕೈಬರಹದಲ್ಲಿ ನನ್ನ ಹೆಸರು ಬರೆದ ಚೀಟಿ. ಆ ಡಬ್ಬಿಯು ಈಗ ನಮ್ಮ ಅಡುಗೆಮನೆಯ ಕಪಾಟಿನಲ್ಲಿದೆ.